ಅಂಬೇಡ್ಕರ್ ಹೇಳಿದ ನೈತಿಕತೆ, ಕೋರ್ಟಿಗೆ ಬಂದ ದಾರಿ

2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಒಂದಾದ ಮೇಲೊಂದು ದೊಡ್ಡ ತೀರ್ಪು ಕೊಟ್ಟಿತು. ಸಲಿಂಗ ಸಂಬಂಧ ಅಪರಾಧವಲ್ಲ ಎಂದಿದ್ದು 6ರಂದು. ಶಬರಿಮಲೆಗೆ ಎಲ್ಲ ವಯಸ್ಸಿನ ಹೆಂಗಸರೂ ಹೋಗಬಹುದು ಎಂದಿದ್ದು 28ರಂದು. ಎರಡರಲ್ಲೂ ಕೇಳಿಬಂದ ಮಾತು ‘ಸಾಂವಿಧಾನಿಕ ನೈತಿಕತೆ’, ಅಂದರೆ ಸರಿತಪ್ಪನ್ನು ಸಮಾಜದ ರೂಢಿಯಿಂದಲ್ಲ, ಸಂವಿಧಾನದ ಮೌಲ್ಯಗಳಿಂದ ಅಳೆಯುವುದು. ಅದೇ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಮುಖ್ಯ ವಕೀಲ, ಆಗಿನ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಇದು ಅಪಾಯಕಾರಿ ಅಸ್ತ್ರ, ಹುಟ್ಟಿನಲ್ಲೇ ಸಾಯಲಿ ಎಂದರು. ಆದರೆ ಅದು ಹುಟ್ಟಿ ಆಗಲೇ ಎಪ್ಪತ್ತು ವರ್ಷ ಆಗಿತ್ತು!

1948ರ ನವೆಂಬರ್ 4. ಅಂಬೇಡ್ಕರ್ ಸಂವಿಧಾನದ ಕರಡನ್ನು ಸಂವಿಧಾನ ಸಭೆಯ ಮುಂದಿಟ್ಟಿದ್ದರು. ಆಡಳಿತದ ಸಣ್ಣಪುಟ್ಟ ವಿವರವೆಲ್ಲ ಇದರಲ್ಲಿ ಯಾಕೆ, ಅದೂ ಬ್ರಿಟಿಷರ 1935ರ ಕಾಯ್ದೆಯಿಂದ ಎತ್ತಿದ್ದು ಎಂಬ ತಕರಾರಿತ್ತು. ಅದಕ್ಕೆ ಉತ್ತರವಾಗಿ ಅವರು ಗ್ರೀಸಿನ ಇತಿಹಾಸ ಬರೆದ ಜಾರ್ಜ್ ಗ್ರೋಟ್ ಸಾಂವಿಧಾನಿಕ ನೈತಿಕತೆಯ ಬಗ್ಗೆ ಬರೆದ ಸಾಲುಗಳನ್ನು ಓದಿದರು. ಅಧಿಕಾರದಲ್ಲಿ ಇರುವವರನ್ನು ಎಷ್ಟು ಬೇಕಾದರೂ ಟೀಕಿಸಿ, ಆದರೆ ನಿಯಮ ಮೀರಬೇಡಿ. ಎದುರಾಳಿಯೂ ಸಂವಿಧಾನಕ್ಕೆ ನಿಮ್ಮಷ್ಟೇ ಗೌರವ ಕೊಡುತ್ತಾನೆಂದು ನಂಬಿ. ಇದು ಅದರ ಸಾರ. ಈ ಗುಣ ತಾನಾಗಿ ಬರುವುದಿಲ್ಲ, ಬೆಳೆಸಬೇಕು, ನಮ್ಮ ಜನ ಇನ್ನೂ ಕಲಿತಿಲ್ಲ ಎಂದರು ಅಂಬೇಡ್ಕರ್. ಸಂವಿಧಾನದ ಒಂದಕ್ಷರ ತಿದ್ದದೆ, ಬರೀ ಆಡಳಿತದ ರೀತಿ ಬದಲಿಸಿಯೇ ಅದನ್ನು ಕೆಡಿಸಬಹುದು. ಹಾಗಾಗಿ ವಿವರಗಳನ್ನು ಶಾಸಕಾಂಗಕ್ಕೆ ಬಿಡದೆ ಬರೆದೇ ಇಡೋಣ ಎಂಬುದು ಅವರ ವಾದ. ಅಂದರೆ ಅದು ಅಧಿಕಾರ ನಡೆಸುವವರ ನಡತೆಯ ಮಾತು. ದೇವಸ್ಥಾನದ್ದೂ ಅಲ್ಲ, ಮಲಗುವ ಕೋಣೆಯದ್ದೂ ಅಲ್ಲ.

ಅದು ಅಲ್ಲಿಗೆ ಬಂದದ್ದು 2009ರಲ್ಲಿ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಸೆಕ್ಷನ್ ಉಳಿಸಲು ಸರ್ಕಾರ ಸಮಾಜದ ನೈತಿಕತೆಯನ್ನು ಮುಂದೆ ಮಾಡಿತು. ಜನರ ನೈತಿಕತೆ ಸಾಲದು, ಸಂವಿಧಾನದ್ದೇ ಲೆಕ್ಕ ಎಂದಿತು ದೆಹಲಿ ಹೈಕೋರ್ಟು. 2013ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು, 2018ರಲ್ಲಿ ಅದರ ನಿಲುವು ಗೆದ್ದಿತು. ಗೆದ್ದದ್ದು ಸರಿಯೇ. ಆದರೆ ಸಮಾನತೆಯ 14ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ ಇದ್ದಾಗ ಈ ಹೊಸ ಅಳತೆಗೋಲು ಅಷ್ಟೊಂದು ಬೇಕಿತ್ತೇ ಎಂಬ ಅನುಮಾನ ನನಗಿದೆ.

ಯಾಕೆಂದರೆ ಶಬರಿಮಲೆಯಲ್ಲಿ ಅದು ಎರಡೂ ಕಡೆ ವಾಲಿತು. 25ನೇ ವಿಧಿ ಧರ್ಮದ ಸ್ವಾತಂತ್ರ್ಯಕ್ಕೆ ನೈತಿಕತೆಯ ಮಿತಿ ಹಾಕುತ್ತದೆ, ಯಾರ ನೈತಿಕತೆ ಎಂದು ಹೇಳುವುದಿಲ್ಲ. ಸಂವಿಧಾನದ್ದು, ಆದ್ದರಿಂದ ಸಮಾನತೆ ಎಂದರು ಆಗಿನ ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ. ಸಂವಿಧಾನದ್ದೇ, ಆದ್ದರಿಂದ ಅವರವರ ನಂಬಿಕೆ ಅವರವರಿಗೆ ಎಂದರು ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ.

ಅದೇ ವರ್ಷದ ಜುಲೈ 4ರ ತೀರ್ಪನ್ನು ನೋಡಿ. ಅಧಿಕಾರ ಯಾರದ್ದು ಎಂದು ದೆಹಲಿಯ ಚುನಾಯಿತ ಸರ್ಕಾರ ಮತ್ತು ಕೇಂದ್ರದ ಪ್ರತಿನಿಧಿಯಾದ ಲೆಫ್ಟಿನೆಂಟ್ ಗವರ್ನರ್ ಜಗಳ. ಅಲ್ಲೂ ಕೋರ್ಟು ಇದೇ ನೈತಿಕತೆಯನ್ನು ನೆನಪಿಸಿತು. ಅಂಬೇಡ್ಕರ್ ಮಾತಿಗೆ ಹೆಚ್ಚು ಹತ್ತಿರ ಇದ್ದದ್ದು ಅದೇ.