‘ಸೊಸೈಟಿ’ ಅಂದರೆ ಸರ್ಕಾರದ ಅಂಗಡಿಯೇ?

ಪ್ರಶ್ನೆ: ಊರಿನವರೇ ಷೇರು ಹಾಕಿ ಸಹಕಾರಿ ದಿನಸಿ ಅಂಗಡಿ ತೆರೆದರೆ, ಅದರ ಲಾಭ ಸರ್ಕಾರಕ್ಕೆ ಹೋಗುತ್ತದೆಯೇ?

ಇಲ್ಲ. ಎಷ್ಟು ಸಲ ಹೇಳಿದರೂ ಅರಸೀಕೆರೆಯಿಂದ ಸಕಲೇಶಪುರದವರೆಗೆ ಎಲ್ಲರೂ ಮತ್ತೆ ಇದನ್ನೇ ಕೇಳುತ್ತಾರೆ.

ಗೊಂದಲ ಹುಟ್ಟಿದ್ದು ನಮ್ಮ ಮಾತಿನಲ್ಲೇ. ರೇಷನ್ ತರಲು ಹೊರಟವರು ‘ಸೊಸೈಟಿಗೆ ಹೋಗ್ಬರ್ತೀನಿ’ ಅನ್ನುತ್ತಾರೆ. ತಂದದ್ದು ‘ಸೊಸೈಟಿ ಅಕ್ಕಿ’. ಎಷ್ಟೋ ಕಡೆ ನ್ಯಾಯಬೆಲೆ ಅಂಗಡಿ ನಡೆಸುವುದು ಸಹಕಾರ ಸಂಘವೇ ಆದ್ದರಿಂದ ಎರಡೂ ಒಂದೇ ಅನ್ನಿಸಿಬಿಟ್ಟಿದೆ. ಅಲ್ಲಿನ ಅಕ್ಕಿ ಸರ್ಕಾರದ್ದು, ಹಂಚಿದ್ದಕ್ಕೆ ಸಂಘಕ್ಕೆ ಸಿಗುವುದು ಕಮಿಷನ್. ಸಂಘ ಮಾತ್ರ ಸದಸ್ಯರದು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿ, ಆಡಿಟ್, ಚುನಾವಣೆ ಎಲ್ಲ ಇವೆ, ನಿಜ. ಹಾಗಂತ ಅಂಗಡಿ ಸರ್ಕಾರದ್ದಾಗುವುದಿಲ್ಲ. ಪಹಣಿ ತಾಲ್ಲೂಕು ಕಚೇರಿಯಲ್ಲಿದೆ ಅಂತ ನಿಮ್ಮ ಗದ್ದೆ ತಹಶೀಲ್ದಾರರದಾಗುತ್ತದೆಯೇ?

ನಿಮ್ಮೂರಿನ ಡೈರಿಯನ್ನೇ ನೋಡಿ. ಹಾಲು ಹಾಕುವವರೇ ಸದಸ್ಯರು, ಬೋನಸ್ ಬರುವುದು ಹಾಕಿದ ಹಾಲಿನ ಲೆಕ್ಕಕ್ಕೆ. ದಿನಸಿ ಅಂಗಡಿಯಲ್ಲಿ ಕೊಂಡ ಸಾಮಾನಿನ ಲೆಕ್ಕಕ್ಕೆ, ಅಷ್ಟೇ. ಲಾಭದಲ್ಲಿ ಮೊದಲು ಆಪದ್ಧನ ನಿಧಿಗೆ ಪಾಲು ತೆಗೆದಿಡಬೇಕು. ಉಳಿದದ್ದರಲ್ಲಿ ಖರೀದಿಗೆ ನೂರಕ್ಕೆ 2ರಂತೆ ಕೊಡಲು ಮಹಾಸಭೆ ಒಪ್ಪಿತು ಅನ್ನಿ. ತಿಂಗಳಿಗೆ 3,000 ರೂಪಾಯಿ ಸಾಮಾನು ಒಯ್ದ ಮನೆಗೆ ವರ್ಷಕ್ಕೆ 720 ರೂಪಾಯಿ ವಾಪಸ್. ಹತ್ತು ಷೇರು ಇದ್ದವರಿಗೂ ಒಂದೇ ಮತ, ಒಂದು ಷೇರಿನವರಿಗೂ ಒಂದೇ ಮತ. ಇಷ್ಟು ಚೆಂದದ ನಿಯಮ ಇನ್ನಾವ ವ್ಯಾಪಾರದಲ್ಲೂ ನಾನು ಕಂಡಿಲ್ಲ.

ನೀವು ಕೇಳದಿದ್ದರೂ ಉದ್ರಿಯ ವಿಷಯ ಹೇಳಲೇಬೇಕು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ದುಡಿಯುವ ಜನ ಸೇರಿ ಇಂಥ ಅಂಗಡಿ ತೆರೆದಾಗ ನಗದು ಕೊಟ್ಟವರಿಗೆ ಮಾತ್ರ ಸಾಮಾನು ಎಂದು ಕಟ್ಟುನಿಟ್ಟು ಮಾಡಿಕೊಂಡಿದ್ದರು. ಕಾಫಿ, ಮೆಣಸು ಮಾರಿದಾಗಲೇ ದುಡ್ಡು ಕಾಣುವ ನಮ್ಮ ಮಲೆನಾಡಿನ ಮನೆಗಳಿಗೆ ಇದು ಕಷ್ಟ, ಗೊತ್ತು. ಶೆಟ್ಟರ ಅಂಗಡಿಯಲ್ಲಿ ಬರೆದುಕೊಳ್ಳುತ್ತಾರೆ. ಬಾಕಿ ಮುಳುಗಿದರೆ ಅವರ ದುಡ್ಡು. ಸಂಘದಲ್ಲಿ ಬರೆಸಿದರೆ ಮುಳುಗುವುದು ಪಕ್ಕದ ಮನೆಯವರ ಷೇರು. ನೆಂಟರು ಬಂದು ನಿಂತರೆ ನಿರ್ದೇಶಕರ ಬಾಯಲ್ಲಿ ‘ಇಲ್ಲ’ ಬರುವುದೂ ಇಲ್ಲ. ಅದಕ್ಕೇ ಬೈಲಾ ಬರೆಯುವಾಗಲೇ ಒಂದು ದಾರಿ ಮಾಡಿಕೊಳ್ಳಿ: ಕೊಯ್ಲಿನ ದುಡ್ಡು ಕೈಯಲ್ಲಿರುವಾಗ ಸದಸ್ಯರು ಅಂಗಡಿಗೆ ಮುಂಗಡ ಕಟ್ಟಲಿ, ಮಳೆಗಾಲದ ಅಕ್ಕಿ-ಬೇಳೆ ಅದರಲ್ಲೇ ವಜಾ ಆಗುತ್ತ ಹೋಗಲಿ.