ಅಮಾವಾಸ್ಯೆಗೆ ಆಕಾಶ ನೋಡಬೇಕೋ, ಬಂಡೆ ನೋಡಬೇಕೋ?

ಕಾರವಾರದಿಂದ ಭಟ್ಕಳದವರೆಗೆ ಕಡಲ ಪಕ್ಕದಲ್ಲಿ ಇರುವವರಿಗೆ, ಒಬ್ಬರೇ ಮಾಡಬಹುದಾದ ಎರಡು ಹವ್ಯಾಸಗಳಿವೆ. ಒಂದು, ರಾತ್ರಿ ನಕ್ಷತ್ರ ನೋಡುವುದು. ಇನ್ನೊಂದು, ಇಳಿತದ ಹೊತ್ತಿಗೆ ಕಡಲ ಬಂಡೆಗಳ ಮೇಲೆ ಜೀವಿಗಳನ್ನು ಹುಡುಕುವುದು. ಎರಡಕ್ಕೂ ಖರ್ಚು ಕಡಿಮೆ. ಎರಡಕ್ಕೂ ಒಳ್ಳೆಯ ದಿನವೂ ಒಂದೇ, ಅಮಾವಾಸ್ಯೆ.

ಅಂದು ಬೆಳದಿಂಗಳಿಲ್ಲ, ಮಂಕು ನಕ್ಷತ್ರಗಳೂ ಕಾಣುತ್ತವೆ. ಅಂದೇ ಸೂರ್ಯ, ಚಂದ್ರ ಭೂಮಿಯ ಒಂದೇ ಪಕ್ಕದಲ್ಲಿದ್ದು ಕಡಲನ್ನು ಜೊತೆಯಾಗಿ ಎಳೆಯುತ್ತವೆ. ಉಬ್ಬರ–ಇಳಿತ ಎಬ್ಬಿಸುವುದರಲ್ಲಿ ಸೂರ್ಯನ ಬಲ ಚಂದ್ರನ ಬಲದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಆದರೂ ಎರಡೂ ಸೇರಿದಾಗ ಇಳಿತದಲ್ಲಿ ನೀರು ಜಾಸ್ತಿ ಹಿಂದೆ ಸರಿಯುತ್ತದೆ. ನಮ್ಮ ಕಡೆ ಅಮಾವಾಸ್ಯೆಯ ಇಳಿತ ಬರುವುದು ಸುಮಾರಾಗಿ ಬೆಳಗಿನ ಜಾವ ಮತ್ತು ಸಂಜೆ. ಹಾಗಾದರೆ ಎರಡನ್ನೂ ಮಾಡಬಹುದಲ್ವಾ? ಬೇಡ. ರಾತ್ರಿಯೆಲ್ಲ ನಿದ್ದೆಗೆಟ್ಟವರು ನಸುಕಿನಲ್ಲಿ ಜಾರುವ ಬಂಡೆ ಹತ್ತಬಾರದು.

ಆಕಾಶ ನೋಡಲು ಸುಮ್ನೆ ಕೂರುವ ತಾಳ್ಮೆ ಬೇಕು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20–30 ನಿಮಿಷ ಹಿಡಿಯುತ್ತದೆ. ನಡುವೆ ಮೊಬೈಲ್ ನೋಡಿದರೆ ಆ ಕಾಯುವಿಕೆ ವ್ಯರ್ಥ. ಕಾರವಾರ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಧ್ರುವ ನಕ್ಷತ್ರ ಇಲ್ಲಿ ದಿಗಂತದಿಂದ ಅಷ್ಟೇ ಎತ್ತರದಲ್ಲಿ, ಕೈ ಚಾಚಿ ಹಿಡಿದ ಮುಷ್ಟಿಯ ಲೆಕ್ಕದಲ್ಲಿ ಒಂದೂವರೆ ಮುಷ್ಟಿ ಮೇಲೆ ಕಾಣುತ್ತದೆ. ಅದಕ್ಕೆ ಬದಲಾಗಿ ದಕ್ಷಿಣದ ಆಕಾಶ ನಮಗೆ ಹೆಚ್ಚು ಸಿಗುತ್ತದೆ. ದೆಹಲಿಯವರಿಗೆ ಕಾಣುವುದೇ ಕಷ್ಟವಾದ ತ್ರಿಶಂಕು ನಕ್ಷತ್ರಪುಂಜ (ಸದರ್ನ್ ಕ್ರಾಸ್) ಇಲ್ಲಿ ಮೇ ತಿಂಗಳಲ್ಲಿ ರಾತ್ರಿ 9ರ ಸುಮಾರಿಗೆ ದಕ್ಷಿಣಕ್ಕೆ ನೆಟ್ಟಗೆ ನಿಂತಿರುತ್ತದೆ. ಶಿರಸಿ ಕಡೆಯವರು ಮಾತ್ರ ಅಡಿಕೆ ತೋಟ ಬಿಟ್ಟು ಬೋಳುಗುಡ್ಡ ಹುಡುಕಬೇಕು.

ಬಂಡೆಯ ಕಥೆ ಬೇರೆ. ಗೋಕರ್ಣದ ಓಂ ಬೀಚಿನಲ್ಲೋ ಮಾಜಾಳಿಯ ತಿಳಮಾತಿಯಲ್ಲೋ ನೀರು ಇಳಿದ ಮೇಲೆ ಬಂಡೆಯ ಬುಡಕ್ಕೆ ಬಗ್ಗಿ ನೋಡಿ. ಮೇಲಿನಿಂದ ಕೆಳಕ್ಕೆ ಜೀವಿಗಳು ಪಟ್ಟಿಪಟ್ಟಿಯಾಗಿ ನೆಲೆಸಿರುತ್ತವೆ. ಒಣಗುವುದನ್ನು ತಡೆಯಬಲ್ಲವು ಮೇಲೆ, ತಡೆಯದವು ಕೆಳಗೆ. ಮುಟ್ಟಿದರೆ ತರಚುವ ಸುಣ್ಣದ ಪುಟ್ಟ ಗೂಡುಗಳು ಬಾರ್ನಕಲ್‌ಗಳು. ಅವು ಚಿಪ್ಪಿಯ ಬಳಗವಲ್ಲ, ಏಡಿ–ಸಿಗಡಿಯ ಬಳಗ. ಮರಿಯಾಗಿದ್ದಾಗ ನೀರಿನಲ್ಲಿ ಈಜುತ್ತವೆ. ಆಮೇಲೆ ಒಂದು ಜಾಗ ಹಿಡಿದು ತಲೆ ಕೆಳಗಾಗಿ ಅಂಟಿಕೊಂಡು, ಕಾಲಿನಿಂದಲೇ ಆಹಾರ ಸೋಸಿ ತಿನ್ನುತ್ತಾ ಇಡೀ ಜೀವನ ಅಲ್ಲೇ ಕಳೆಯುತ್ತವೆ.

ಈ ಪಟ್ಟಿಗಳು ಯಾಕಾಗುತ್ತವೆ? ಸ್ಕಾಟ್ಲೆಂಡಿನ ಬಂಡೆಗಳ ಮೇಲೆ ಜೀವವಿಜ್ಞಾನಿ ಜೋಸೆಫ್ ಕಾನೆಲ್ ಮಾಡಿದ ಪ್ರಯೋಗ 1961ರಲ್ಲಿ ಪ್ರಕಟವಾಯಿತು. ಕೆಳಗಿನ ಪಟ್ಟಿಯ ದೊಡ್ಡ ಬಾರ್ನಕಲ್‌ಗಳನ್ನು ಅವರು ಕಿತ್ತು ತೆಗೆದರು. ಆಗ ಮೇಲಿನ ಜಾತಿಯ ಚಿಕ್ಕವು ಕೆಳಗೂ ಚೆನ್ನಾಗಿ ಬದುಕಿದವು. ಅಂದರೆ ಅವುಗಳನ್ನು ಕೆಳಗೆ ಇರಗೊಡದೆ ತಡೆದದ್ದು ನೀರಲ್ಲ, ನೆರೆಯವರು. ಇಷ್ಟು ದೊಡ್ಡ ಸಂಗತಿ ತಿಳಿಯಲು ಬೇಕಾದದ್ದು ಒಂದು ಬಂಡೆ ಮತ್ತು ಮತ್ತೆಮತ್ತೆ ಬಂದು ನೋಡುವ ಒಬ್ಬ ಮನುಷ್ಯ!

ನನ್ನ ಮತ ಬಂಡೆಗೇ. ಕಾರವಾರದ ಆಕಾಶವೇ ಹೆಚ್ಚುಕಡಿಮೆ ಗೋವಾದ್ದೂ ಹೌದು, ಅದರ ನಕ್ಷೆ ಯಾವ ಫೋನಿನಲ್ಲೂ ಸಿಗುತ್ತದೆ. ನಿಮ್ಮೂರ ಬಂಡೆಯಲ್ಲಿ ಈ ತಿಂಗಳು ಏನಿದೆ, ಮಳೆಗಾಲ ಕಳೆದ ಮೇಲೆ ಏನು ಹೋಯಿತು ಅನ್ನುವುದನ್ನು ನೀವೇ ನೋಡಿ ಬರೆದಿಡಬೇಕು. ಒಂದೇ ಬಂಡೆ ಆರಿಸಿ, ಮಳೆಗಾಲ ಬಿಟ್ಟು ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ಅದೇ ಕೋನದಿಂದ ಫೋಟೊ ತೆಗೆಯಿರಿ. ಹುಣ್ಣಿಮೆಗೂ ನೀರು ಹೀಗೇ ಇಳಿಯುತ್ತದೆ.

ಒಬ್ಬರೇ ಹೋಗುವಾಗ ಮನೆಯಲ್ಲಿ ಹೇಳಿ ಹೋಗಿ. ಉಬ್ಬರ–ಇಳಿತದ ಪಟ್ಟಿ ನೋಡಿಕೊಂಡು, ಅತಿ ಕಡಿಮೆ ನೀರಿನ ಹೊತ್ತಿಗೆ ಒಂದು ಗಂಟೆ ಮೊದಲೇ ತಲುಪಿ. ನೀರು ತಿರುಗಿದ ಮೊದಲ ಗಂಟೆಯಲ್ಲಿ ನಿಧಾನಕ್ಕೆ ಏರುತ್ತದೆ. ಅದನ್ನು ನಂಬಬೇಡಿ. ಉಬ್ಬರದ ಆರು ಗಂಟೆಗಳಲ್ಲಿ ಮೂರನೆಯ, ನಾಲ್ಕನೆಯ ಗಂಟೆಗಳಲ್ಲೇ ಸುಮಾರು ಅರ್ಧ ನೀರು ಬಂದುಬಿಡುತ್ತದೆ. ಕಲ್ಲು ಎತ್ತಿದರೆ ಇದ್ದ ಹಾಗೇ ಮುಚ್ಚಿ, ಅಡಿಯ ಜೀವಿಗಳು ಬಿಸಿಲಿಗೆ ಸಾಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆಯ ಹತ್ತಿರ ಹೋಗಲೇಬೇಡಿ.