ಲ್ಯಾಪ್‌ಟಾಪ್ ಒಂದು, ಗ್ರಾಫಿಕ್ಸ್ ಚಿಪ್ ಎರಡು: ಡ್ರೈವರ್ ಗೋಜಲು ಶುರುವಾಗಿದ್ದೆಲ್ಲಿ?

ಹೋದ ಮಳೆಗಾಲದಲ್ಲಿ ಯಲ್ಲಾಪುರ ಕಡೆಯ ನೆಂಟರ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು ಶಿರಸಿಗೆ ಬಂದಿದ್ದ. ಯಕ್ಷಗಾನದ ವಿಡಿಯೋ ಎಡಿಟ್ ಮಾಡುವವನು. ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಪರದೆಯಲ್ಲಿ ಅಕ್ಷರ ದಪ್ಪದಪ್ಪ, ಬ್ರೈಟ್‌ನೆಸ್ ಕೀ ಒತ್ತಿದರೆ ಏನೂ ಆಗುತ್ತಿರಲಿಲ್ಲ. 'ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಬೋರ್ಡೇ ಬದಲಿಸಬೇಕು' ಎಂದು ಅಂಗಡಿಯೊಂದರಲ್ಲಿ ಹೇಳಿದ್ದರಂತೆ.

ಯಂತ್ರದ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದೆ. ಡಿಸ್‌ಪ್ಲೇ ಅಡಾಪ್ಟರ್ ಕೆಳಗೆ ಎರಡು ಸಾಲು. ಒಂದರಲ್ಲಿ ಎನ್‌ವಿಡಿಯಾ ಹೆಸರು, ಇನ್ನೊಂದರಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್'. ಎನ್‌ವಿಡಿಯಾದ ದೊಡ್ಡ ಚಿಪ್‌ಗೆ ಡ್ರೈವರ್, ಅಂದರೆ ಚಿಪ್ಪನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ, ಇತ್ತು. ಇಂಟೆಲ್‌ನ ಸಣ್ಣದಕ್ಕೆ ಇರಲಿಲ್ಲ, ವಿಂಡೋಸ್ ತನ್ನ ತಾತ್ಕಾಲಿಕ ಡ್ರೈವರಿನಲ್ಲೇ ಸುಧಾರಿಸುತ್ತಿತ್ತು.

ಬೋರ್ಡಿಗೆ ಸಿಕ್ಕಿಸಿ ತೆಗೆಯಬಹುದಾದ 'ಕಾರ್ಡ್' ಅನ್ನೋ ಮಾತು ಬಂದಿದ್ದು ಡೆಸ್ಕ್‌ಟಾಪ್‌ನಿಂದ. 1999ರಲ್ಲಿ ಎನ್‌ವಿಡಿಯಾದ ಜೀಫೋರ್ಸ್ 256 ಬಂದಾಗ ಗ್ರಾಫಿಕ್ಸ್ ಚಿಪ್‌ಗೆ 'ಜಿಪಿಯು' ಎಂಬ ಹೆಸರು ಬಾಯಿಗೆ ಬಂತು. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಕಾರ್ಡ್ ಇರುವುದು ಅಪರೂಪ, ಬಹುಪಾಲು ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಪರದೆ, ಫ್ಯಾನ್, ಎಷ್ಟು ವಾಟ್ ಕೊಡಬೇಕು ಎಂಬುದೆಲ್ಲ ಲ್ಯಾಪ್‌ಟಾಪ್ ಕಂಪನಿಯ ತೀರ್ಮಾನ. ಹಾಗಾಗಿ ಡ್ರೈವರ್ ಕೂಡ ಅವರಿಂದಲೇ ಬರುತ್ತಿತ್ತು.

ಎರಡು ಚಿಪ್ ಸೇರಿದ ಮೇಲೆ ಗೋಜಲು ಜಾಸ್ತಿಯಾಯಿತು. 2006ರ ಸುಮಾರಿಗೆ ಬಂದ ಇಂಥ ಲ್ಯಾಪ್‌ಟಾಪ್‌ನಲ್ಲಿ ಒಂದು ಚಿಪ್‌ನಿಂದ ಇನ್ನೊಂದಕ್ಕೆ ಹೋಗಲು ಸ್ವಿಚ್ ಸರಿಸಿ ರೀಸ್ಟಾರ್ಟ್ ಮಾಡಬೇಕಿತ್ತು. 2010ರಲ್ಲಿ ಎನ್‌ವಿಡಿಯಾದ ಆಪ್ಟಿಮಸ್ ಎಂಬ ತಂತ್ರ ಬಂದು ಆ ಕೆಲಸವನ್ನು ಡ್ರೈವರ್ ಕೈಗೆ ಕೊಟ್ಟಿತು. ಇದನ್ನು ನಮ್ಮ ಕಡೆಯ ಮದುವೆ ಊಟದ ಹಾಗೆ ನೋಡಬಹುದು. ದೊಡ್ಡ ಚಿಪ್ ಅಡುಗೆ ಭಟ್ಟರು. ಪಂಕ್ತಿಯಲ್ಲಿ ಬಡಿಸುವುದು ಪ್ರೊಸೆಸರ್ ಒಳಗಿನ ಸಣ್ಣ ಚಿಪ್. ಪರದೆಯ ತಂತಿ ಸೇರಿರುವುದು ಸಣ್ಣದಕ್ಕೆ. ದೊಡ್ಡದು ಬಿಡಿಸಿದ ಚಿತ್ರವನ್ನು ಸಣ್ಣದರ ಮೆಮೊರಿಗೆ ನಕಲು ಮಾಡಿಯೇ ಪರದೆಗೆ ಕಳಿಸಬೇಕು. ಬಡಿಸುವವರೇ ಇಲ್ಲದಿದ್ದರೆ ಅಡುಗೆ ಎಷ್ಟು ಚೆನ್ನಾಗಿದ್ದರೇನು? ಬೇಡದಾಗ ದೊಡ್ಡದನ್ನು ಮಲಗಿಸಿದ್ದರಿಂದ ಬ್ಯಾಟರಿ ಉಳಿಯಿತು ನಿಜ. ಆದರೆ ಎರಡು ಡ್ರೈವರ್‌ಗೆ ಹೊಂದಿಕೆ ಬೇಕಾಯಿತು. ಈ ತರಹದ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿದವರಂತೂ ವರ್ಷಗಟ್ಟಲೆ ಒದ್ದಾಡಿದರು.

ಲ್ಯಾಪ್‌ಟಾಪ್ ಕಂಪನಿಯದ್ದು ಬಿಟ್ಟು ಇಂಟೆಲ್‌ನ ಸಾಮಾನ್ಯ ಡ್ರೈವರ್ ಹಾಕಲು ಹೋದರೆ 'ಈ ಕಂಪ್ಯೂಟರಿಗೆ ಇದನ್ನು ಪರೀಕ್ಷಿಸಿಲ್ಲ' ಎಂದು ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ತಡೆ ಬರುತ್ತಿತ್ತು. ಅದು ಸಡಿಲವಾಗಿದ್ದು 2020ರಲ್ಲಿ. ಚಿಪ್ ಮಾಡಿದವರನ್ನು ಕೇಳಿದರೆ ಲ್ಯಾಪ್‌ಟಾಪ್ ಮಾಡಿದವರತ್ತ ಕೈ ತೋರಿಸುತ್ತಾರೆ, ಅವರನ್ನು ಕೇಳಿದರೆ ಮಾಡೆಲ್ ಹಳೆಯದಾಯಿತು ಎನ್ನುತ್ತಾರೆ. ನಡುವೆ ಸಿಕ್ಕಿಕೊಳ್ಳುವವನು ಸಾಲ ಮಾಡಿ ಕೊಂಡ ವಿದ್ಯಾರ್ಥಿ. ಗಟ್ಟಿಮುಟ್ಟಾದ ಯಂತ್ರಗಳು ಹೀಗೆ ಸುಮ್ನೆ ಗುಜರಿ ಸೇರುವುದು ನನಗೆ ಸರಿ ಕಾಣುವುದಿಲ್ಲ.

ಹೆಸರಿನ ಗೊಂದಲ ಬೇರೆ. ಡೆಸ್ಕ್‌ಟಾಪ್‌ನಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 3080ಕ್ಕೆ 320 ವಾಟ್, ಲ್ಯಾಪ್‌ಟಾಪ್‌ನಲ್ಲಿ ಅದೇ ಹೆಸರಿನದಕ್ಕೆ ಸಾಮಾನ್ಯವಾಗಿ ಅರ್ಧವೂ ಸಿಗುವುದಿಲ್ಲ.

ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿಗೆ ಬೋರ್ಡ್ ನಿಜವಾಗಿಯೂ ಕೆಡುವುದುಂಟು. ಆಗ ವಿಂಡೋಸ್ ಶುರುವಾಗುವ ಮೊದಲೇ, ಯಂತ್ರ ಆನ್ ಆದ ಕೂಡಲೇ ಬರುವ ಬಯಾಸ್ ಪರದೆಯಲ್ಲೇ ಗೆರೆ, ಚುಕ್ಕೆ ಕಾಣಬಹುದು. ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಅವು ಇರಲಿಲ್ಲ.

ತಳದ ಸ್ಟಿಕ್ಕರ್ ನೋಡಿ ಮಾಡೆಲ್ ನಂಬರ್ ಬರೆದುಕೊಂಡೆವು. ಲ್ಯಾಪ್‌ಟಾಪ್ ಕಂಪನಿಯ ಪುಟದಿಂದಲೇ ಇಂಟೆಲ್ ಡ್ರೈವರ್ ಇಳಿಸಿ, ಹಾಕಿ, ರೀಸ್ಟಾರ್ಟ್ ಮಾಡಿದೆವು. ಅಕ್ಷರ ಸಣ್ಣಗಾಯಿತು, ಬ್ರೈಟ್‌ನೆಸ್ ಕೀ ಕೆಲಸ ಮಾಡಿತು. ಆ ಪುಟದಲ್ಲಿದ್ದ ಕೊನೆಯ ಡ್ರೈವರಿನ ತಾರೀಖು 2019ರದ್ದು. ಹುಡುಗ ಆ ಫೈಲನ್ನು ಪೆನ್‌ಡ್ರೈವ್‌ಗೂ ಹಾಕಿಕೊಂಡು ಸಂಜೆ ಬಸ್ಸಿಗೆ ಹೊರಟ.